ಇರಾನಿನ ‘ಶಾಹ್’ ಬ್ಯಾಂಕಿನ ‘ಚೆಕ್’ ಆದದ್ದು ಹೇಗೆ?

ಫ್ರೆಂಚ್ ಕಲಿಯುವವರನ್ನು ಕಾಡುವ ಪದಗಳಲ್ಲಿ ‘ಎಶೆಕ್’ ಒಂದು. ಏಕವಚನದಲ್ಲಿ ಅದಕ್ಕೆ ಸೋಲು, ವೈಫಲ್ಯ ಎಂದರ್ಥ. ಬಹುವಚನದಲ್ಲಿ ಅದೇ ಚೆಸ್ ಆಟದ ಹೆಸರು, ಉಚ್ಚಾರಣೆಯಲ್ಲಿ ವ್ಯತ್ಯಾಸವೂ ಇಲ್ಲ. ಪಕ್ಕದ ಜರ್ಮನ್ನರಿಗೆ ಆಟ ‘ಶಾಖ್’, ಬ್ಯಾಂಕಿನಲ್ಲಿ ಕೊಡುವ ಚೀಟಿ ‘ಶೆಕ್’. ಹಂಗೇರಿಯವರಿಗೆ ಆಟ ‘ಶಕ್’, ಚೀಟಿ ‘ಚೆಕ್ಕ್’. ರಷ್ಯನ್ನರು ಆಟವನ್ನು ‘ಶಾಖ್ಮತಿ’ ಎನ್ನುತ್ತಾರೆ, ಅಂಗಡಿಯ ರಸೀದಿಯನ್ನು ‘ಚೆಕ್’ ಎನ್ನುತ್ತಾರೆ. ಇಂಗ್ಲಿಷಿನಲ್ಲಂತೂ ಈ ಪದದ ಸಂತಾನಕ್ಕೆ ಲೆಕ್ಕವಿಲ್ಲ: ಆಟಕ್ಕೆ ಚೆಸ್, ರಾಜನ ಮೇಲೆ ಬಿದ್ದರೆ ಚೆಕ್, ತಡೆದರೂ ಚೆಕ್, ತಪಾಸಣೆ ಮಾಡಿದರೂ ಚೆಕ್, ಹಣ ಕೊಟ್ಟರೂ ಚೆಕ್, ಅಂಗಿಯ ಚೌಕಗಳು ಚೆಕ್ಸ್, ಬ್ರಿಟಿಷ್ ಸರ್ಕಾರದ ಖಜಾನೆ ಎಕ್ಸ್‌ಚೆಕರ್. ಇವೆಲ್ಲಕ್ಕೂ ಬೇರು ಒಂದೇ: ರಾಜ ಎಂಬ ಅರ್ಥದ ಪರ್ಷಿಯನ್ ‘ಶಾಹ್’.

ಈ ಬೇರು ನಮಗೆ ಅಷ್ಟೇನೂ ಅಪರಿಚಿತವಲ್ಲ. ಕ್ರಿ.ಪೂ. 520ರ ಸುಮಾರಿಗೆ ದೊರೆ ದಾರಯವಹು, ಅಂದರೆ ಗ್ರೀಕರ ಡೇರಿಯಸ್, ಇರಾನಿನ ಬೆಹಿಸ್ತೂನ್ ಬಂಡೆಯ ಮೇಲೆ ತನ್ನ ಗೆಲುವುಗಳನ್ನು ಕೆತ್ತಿಸಿದ. ಅಲ್ಲಿ ಅವನು ತನ್ನನ್ನು ‘ಖ್ಶಾಯಥಿಯ ಖ್ಶಾಯಥಿಯಾನಾಂ’, ರಾಜರ ರಾಜ, ಎಂದು ಕರೆದುಕೊಳ್ಳುತ್ತಾನೆ. ಕೊನೆಯಲ್ಲಿರುವ ‘ಆನಾಂ’ ಕಿವಿಗೆ ಬಿದ್ದೊಡನೆ ಸಂಸ್ಕೃತ ಬಲ್ಲವರಿಗೆ ‘ದೇವಾನಾಂ’, ‘ಜನಾನಾಂ’ ನೆನಪಾಗುತ್ತದೆ, ಏಕೆಂದರೆ ಅದು ಅದೇ ಷಷ್ಠೀ ಬಹುವಚನ. ಮೊದಲ ಭಾಗವೂ ದೂರದ್ದಲ್ಲ. ಆಳುವುದು ಎಂಬ ಅರ್ಥದ ಆ ಧಾತುವಿಗೆ ಸಂಸ್ಕೃತದ ‘ಕ್ಷತ್ರ’, ‘ಕ್ಷತ್ರಿಯ’ ಪದಗಳು ದಾಯಾದಿಗಳು. ಸಾವಿರ ವರ್ಷಗಳ ಬಳಕೆಯಲ್ಲಿ ‘ಖ್ಶಾಯಥಿಯ’ ಸವೆದು ‘ಶಾಹ್’ ಆಯಿತು, ‘ರಾಜರ ರಾಜ’ ಎಂಬ ಇಡೀ ಬಿರುದು ‘ಶಹನ್‌ಶಾಹ್’ ಆಯಿತು.

ಬಿರುದೊಂದು ಆಟದ ಮಣೆಗೆ ಇಳಿಯಬೇಕಾದರೆ ಆಟ ಇರಾನಿಗೆ ಹೋಗಬೇಕಿತ್ತು. ಅದು ಹೋದದ್ದು ಭಾರತದಿಂದ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೈನ್ಯವೇ ಚತುರಂಗ. ಎಂಟೆಂಟು ಮನೆಗಳ ಮಣೆಗೆ ಅಷ್ಟಾಪದ ಎಂಬ ಹೆಸರಿತ್ತು. ಏಳನೆಯ ಶತಮಾನದ ಬಾಣಭಟ್ಟ ಹರ್ಷನ ಆಳ್ವಿಕೆಯನ್ನು ಹೊಗಳುತ್ತ, ಆ ನಾಡಿನಲ್ಲಿ ಪಾದಚ್ಛೇದವೆಂಬುದು ಛಂದಸ್ಸಿನಲ್ಲಿ ಮಾತ್ರ ಇತ್ತು, ಚತುರಂಗಕಲ್ಪನೆ ಎಂಬುದು ಅಷ್ಟಾಪದಗಳಲ್ಲಿ ಮಾತ್ರ ಇತ್ತು ಎನ್ನುತ್ತಾನೆ. ಇದು ಶ್ಲೇಷೆ. ‘ಕಲ್ಪನೆ’ಗೆ ಕತ್ತರಿಸುವುದು ಎಂಬ ಅರ್ಥವೂ ಇದೆ. ಕೈಕಾಲು ಕಡಿಯುವ ಶಿಕ್ಷೆ ಅಲ್ಲಿರಲಿಲ್ಲ, ನಾಲ್ಕು ಅಂಗಗಳ ಮಾತು ಬರುತ್ತಿದ್ದದ್ದು ಆಟದ ಮಣೆಯ ಮೇಲೆ ಮಾತ್ರ ಎಂಬುದು ಅವನ ಚಮತ್ಕಾರ. ಆಟವನ್ನು ಹೀಗೆ ಶ್ಲೇಷೆಗೆ ಬಳಸಬೇಕಾದರೆ ಓದುಗರಿಗೆ ಅದು ಆಗಲೇ ಚೆನ್ನಾಗಿ ಗೊತ್ತಿರಬೇಕು. ಕನ್ನಡ ನೆಲದಲ್ಲೇ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ನಡುವೆ ಚತುರಂಗದ ವಿವರಣೆಯೂ ಇದೆ. ಈ 1129ನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇರೊಂದು ಕಡೆ ಬರುತ್ತದೆ.

ಇರಾನಿನವರು ‘ಚತುರಂಗ’ವನ್ನು ‘ಚತ್ರಂಗ್’ ಎಂದರು. ಏಳನೆಯ ಶತಮಾನದಲ್ಲಿ ಅರಬರು ಇರಾನನ್ನು ಗೆದ್ದಾಗ ಆಟ ಅವರ ಕೈಗೆ ಬಂತು. ಅರಬ್ಬಿಯಲ್ಲಿ ‘ಚ’ ಇಲ್ಲ, ‘ಗ’ ಕೂಡ ಇಲ್ಲ. ಹಾಗಾಗಿ ‘ಚ’ ಇದ್ದಲ್ಲಿ ‘ಶ’, ‘ಗ್’ ಇದ್ದಲ್ಲಿ ‘ಜ್’ ಬಂದು ಅದು ‘ಶತ್ರಂಜ್’ ಆಯಿತು. ಆದರೆ ಆಟದ ನಡುವೆ ಕೂಗುವ ಮಾತನ್ನು ಅರಬರು ಮುಟ್ಟಲಿಲ್ಲ. ಎದುರಾಳಿಯ ರಾಜನ ಮೇಲೆ ಬಿದ್ದಾಗ ‘ಶಾಹ್!’, ಅವನಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಾಗ ‘ಶಾಹ್ ಮಾತ್!’

ಈ ‘ಮಾತ್’ ಬಗ್ಗೆ ಹಳೆಯ ಜಗಳವೊಂದಿದೆ. ಅರಬ್ಬಿಯಲ್ಲಿ ‘ಮಾತ’ ಎಂದರೆ ಸತ್ತನು. ಆದ್ದರಿಂದ ಚೆಕ್‌ಮೇಟ್ ಎಂದರೆ ‘ರಾಜ ಸತ್ತ’ ಎಂದು ಯುರೋಪಿನ ನಿಘಂಟುಗಳು ಬಹುಕಾಲ ಬರೆದವು, ಇಂದಿಗೂ ಅನೇಕರು ಅದನ್ನೇ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಪರ್ಷಿಯನ್ನಿನಲ್ಲಿ ‘ಮಾತ್’ ಎಂದರೆ ದಿಕ್ಕುಗೆಟ್ಟವನು, ಏನೂ ತೋಚದೆ ನಿಂತವನು. ಕೂಗಿನ ಮೊದಲರ್ಧ ಪರ್ಷಿಯನ್ ಆಗಿರುವಾಗ ಎರಡನೆಯರ್ಧ ಮಾತ್ರ ಅರಬ್ಬಿ ಏಕಾಗಬೇಕು? ಆಟದ ನಿಯಮವೂ ಇದಕ್ಕೇ ಸಾಕ್ಷಿ. ಚದುರಂಗದಲ್ಲಿ ಎಲ್ಲರೂ ಸಾಯುತ್ತಾರೆ, ರಾಜನೊಬ್ಬ ಸಾಯುವುದಿಲ್ಲ. ಅವನನ್ನು ಮಣೆಯಿಂದ ತೆಗೆಯುವ ಪ್ರಸಂಗವೇ ಇಲ್ಲ. ಅವನು ನಿಂತಲ್ಲೇ ನಿಲ್ಲುತ್ತಾನೆ, ಹೆಜ್ಜೆ ಇಡಲು ಮನೆಯಿರುವುದಿಲ್ಲ. ಜರ್ಮನ್ನರು ಇಂದಿಗೂ ದಣಿದು ಸುಸ್ತಾದವನನ್ನು ‘ಮಟ್’ ಎನ್ನುತ್ತಾರೆ. ಅದು ಇದೇ ‘ಮಾತ್’, ಅರ್ಥವೂ ಮೂಲಕ್ಕೆ ಹತ್ತಿರವೇ ಉಳಿದಿದೆ.

ಅರಬರ ಜೊತೆ ಆಟ ಸ್ಪೇನನ್ನೂ ಸಿಸಿಲಿಯನ್ನೂ ತಲುಪಿತು. ಇಲ್ಲಿಂದ ಮುಂದೆ ಯುರೋಪು ಎರಡು ಪಂಗಡವಾಯಿತು. ಸ್ಪೇನ್ ಮತ್ತು ಪೋರ್ಚುಗಲ್ ಆಟದ ಅರಬ್ಬಿ ಹೆಸರನ್ನೇ ಇಟ್ಟುಕೊಂಡವು: ‘ಅಲ್-ಶತ್ರಂಜ್’ ಎಂಬುದು ಸ್ಪ್ಯಾನಿಷ್‌ನಲ್ಲಿ ‘ಅಖೆದ್ರೆಥ್’, ಪೋರ್ಚುಗೀಸಿನಲ್ಲಿ ‘ಶದ್ರೇಶ್’. ಕ್ಯಾಸ್ಟೀಲಿನ ದೊರೆ ಹತ್ತನೆಯ ಅಲ್ಫೊನ್ಸೊ 1283ರಲ್ಲಿ ಬರೆಸಿದ ಆಟಗಳ ಗ್ರಂಥದಲ್ಲಿ ಇದರ ಹಳೆಯ ರೂಪವಿದೆ. ‘ಅಖೆದ್ರೆಥ್’ ಮತ್ತು ನಮ್ಮ ‘ಚದುರಂಗ’ ಒಂದೇ ಪದ ಎಂದರೆ ನಂಬುವುದು ಕಷ್ಟ. ಆದರೆ ಹೆಜ್ಜೆ ಹೆಜ್ಜೆಯಾಗಿ ನೋಡಿದರೆ ಎಲ್ಲೂ ದೊಡ್ಡ ನೆಗೆತವಿಲ್ಲ.

ಯುರೋಪಿನ ಉಳಿದ ಭಾಗ ಆಟದ ಹೆಸರನ್ನು ಬಿಟ್ಟು ಕೂಗನ್ನು ಹಿಡಿಯಿತು. ಪಕ್ಕದಲ್ಲಿ ನಿಂತು ನೋಡುವವನಿಗೆ ಕೇಳಿಸುವುದು ಅದೇ ತಾನೇ, ಮತ್ತೆ ಮತ್ತೆ ‘ಶಾಹ್, ಶಾಹ್’. ಲ್ಯಾಟಿನ್ನಿನಲ್ಲಿ ಅದು ‘ಸ್ಕಾಕುಸ್’, ಬಹುವಚನದಲ್ಲಿ ‘ಸ್ಕಾಕಿ’ ಆಯಿತು. ಸ್ವಿಟ್ಜರ್ಲೆಂಡಿನ ಐನ್‌ಸೀಡೆಲ್ನ್ ಮಠದಲ್ಲಿ ಹತ್ತನೆಯ ಶತಮಾನದ ಕೊನೆಯ ವರ್ಷಗಳ ಲ್ಯಾಟಿನ್ ಪದ್ಯವೊಂದಿದೆ. ಯುರೋಪಿನಲ್ಲಿ ಚೆಸ್ ಬಗ್ಗೆ ಸಿಕ್ಕಿರುವ ಅತ್ಯಂತ ಹಳೆಯ ಬರಹಗಳಲ್ಲಿ ಅದೊಂದು. ಅದರ ಶೀರ್ಷಿಕೆಯಲ್ಲೇ ಈ ಪದವಿದೆ. ಅರಬರ ಆಟದಲ್ಲಿ ಮಂತ್ರಿಯಿದ್ದ ಜಾಗದಲ್ಲಿ ಆ ಸನ್ಯಾಸಿ ಆಗಲೇ ರಾಣಿಯನ್ನು ಕೂರಿಸಿದ್ದಾನೆ. ನಾವು ಕನ್ನಡದಲ್ಲಿ ಇಂದಿಗೂ ‘ಮಂತ್ರಿ’ ಎನ್ನುತ್ತೇವೆ.

‘ಶಾಹ್’ ಎಂಬುದು ‘ಸ್ಕಾಕ್’ ಆದದ್ದು, ಅಲ್ಲಿಂದ ‘ಚೆಕ್’ ಆದದ್ದು ಹೇಗೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಈ ಕಥೆಯ ಕೀಲಿ ಇರುವುದು ಅಲ್ಲಿಯೇ. ಲ್ಯಾಟಿನ್ನಿಗೆ ‘ಶ’ಕಾರ ಬರುತ್ತಿರಲಿಲ್ಲ, ಹತ್ತಿರದ್ದೆಂದು ‘ಸ್ಕ’ ಬರೆದರು. ಪದದ ಕೊನೆಯಲ್ಲಿ ಬರುವ ‘ಹ್’ ಅವರ ನಾಲಿಗೆಗೆ ನಿಲ್ಲದೆ ‘ಕ್’ ಆಯಿತು. ಈ ‘ಸ್ಕಾಕ್’ ಫ್ರಾನ್ಸಿಗೆ ಬಂದಾಗ ಎರಡು ಸಂಗತಿ ನಡೆದವು. ಒಂದು, ಸಕಾರದಿಂದ ಶುರುವಾಗುವ ಒತ್ತಕ್ಷರವನ್ನು ಉಚ್ಚರಿಸಲು ಫ್ರೆಂಚರು ಮುಂದೆ ಒಂದು ಸ್ವರ ಸೇರಿಸಿಕೊಳ್ಳುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಸ್ಕೂಲು ‘ಇಸ್ಕೂಲು’ ಆಗುವುದು ಇದೇ ಕಾರಣಕ್ಕೆ. ಲ್ಯಾಟಿನ್ನಿನ ‘ಸ್ಕೋಲ’ ಕೂಡ ಫ್ರೆಂಚಿನಲ್ಲಿ ಮೊದಲು ‘ಎಸ್ಕೋಲ್’ ಆಗಿ, ಬಳಿಕ ಸಕಾರ ಕಳೆದುಕೊಂಡು ‘ಎಕೋಲ್’ ಆಯಿತು. ಎರಡು, ಫ್ರೆಂಚಿನಲ್ಲಿ ‘ಕಾ’ ಎಂಬ ಧ್ವನಿ ‘ಚ’ಕಾರಕ್ಕೆ ತಿರುಗಿತು. ಹೀಗೆ ಹಳೆಯ ಫ್ರೆಂಚಿನ ‘ಎಸ್ಚೆಕ್’ ಹುಟ್ಟಿತು. ಕಾಲಾನಂತರ ಫ್ರೆಂಚರ ‘ಚ’ ಮೆತ್ತಗಾಗಿ ‘ಶ’ ಆಯಿತು, ಪದ ‘ಎಶೆಕ್’ ಆಯಿತು. ಆದರೆ ಅದಕ್ಕೂ ಮೊದಲೇ, 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಬಾಯಿಂದ ಇಂಗ್ಲಿಷರು ಪದವನ್ನು ಪಡೆದಿದ್ದರಿಂದ ಅಲ್ಲಿ ‘ಚ’ ಹಾಗೆಯೇ ಉಳಿಯಿತು. ಬೇಗ ಬಂದ ‘ಚೀಫ್’ ಮತ್ತು ತಡವಾಗಿ ಬಂದ ‘ಶೆಫ್’ ಒಂದೇ ಫ್ರೆಂಚ್ ಪದದ ಎರಡು ವಯಸ್ಸು ಎಂಬುದನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ.

ಇಂಗ್ಲಿಷಿನ ‘ಚೆಸ್’ ಎಂಬುದು ಈ ಫ್ರೆಂಚ್ ಪದದ ಬಹುವಚನ ರೂಪ. ಅಕ್ಷರಶಃ ನೋಡಿದರೆ ಚೆಸ್ ಎಂದರೆ ‘ರಾಜರುಗಳು’. ಏಕವಚನ ‘ಚೆಕ್’ ಆಗಿ ಬೇರೆ ಸಂಸಾರ ಹೂಡಿತು.

ಇತ್ತ ಪೂರ್ವ ಯುರೋಪಿಗೆ ಮತ್ತೊಂದು ದಾರಿ ತೆರೆದಿತ್ತು. ರಷ್ಯನ್ನರ ‘ಶಾಖ್ಮತಿ’ ಎಂದರೆ ‘ಶಾಹ್ ಮಾತ್’ ಎಂಬ ಇಡೀ ಕೂಗಿಗೇ ಬಹುವಚನ ಹಚ್ಚಿದ ಪದ. ಅವರ ಮಣೆಯ ಮೇಲೆ ಇಂದಿಗೂ ಆನೆಯಿದೆ, ಮಂತ್ರಿಗೆ ಪರ್ಷಿಯನ್ ಹೆಸರಾದ ‘ಫೆರ್ಜ್’ ಉಳಿದಿದೆ. ಪಶ್ಚಿಮದಲ್ಲಿ ಅದೇ ಆನೆ ಬಿಷಪ್ ಆಗಿದೆ, ಫ್ರೆಂಚರಿಗೆ ವಿದೂಷಕ. ಪೋಲೆಂಡಿನಲ್ಲಿ ಆಟ ‘ಶಾಹಿ’, ಸ್ವೀಡನ್ನಿನಲ್ಲಿ ‘ಶಾಕ್’, ಇಟಲಿಯಲ್ಲಿ ‘ಸ್ಕಾಕ್ಕಿ’. ಈ ಸಾಲಿಗೆ ಸೇರದವರು ವೇಲ್ಸಿನವರು ಮತ್ತು ಐರ್ಲೆಂಡಿನವರು. ‘ಮರ’ ಮತ್ತು ‘ಬುದ್ಧಿ’ ಎಂಬ ಪದಗಳನ್ನು ಕೂಡಿಸಿ ತಮ್ಮ ಹಳೆಯ ಮಣೆಯಾಟಕ್ಕೆ ಇಟ್ಟಿದ್ದ ಹೆಸರನ್ನೇ ಅವರು ಹೊಸ ಆಟಕ್ಕೂ ಬಳಸಿಕೊಂಡರು. ಇನ್ನು ಚೆಕ್ ಗಣರಾಜ್ಯದ ‘ಚೆಕ್’ಗೂ ಇದಕ್ಕೂ ಸಂಬಂಧವಿಲ್ಲ, ಅದು ಆ ಜನಾಂಗದ ಸ್ವಂತ ಹೆಸರು.

ಆಟ ಹೇಗೆ ಹರಡಿತೋ ಹಾಗೆ ಹೆಸರೂ ಹರಡಿತು, ಅದರಲ್ಲೇನು ವಿಶೇಷ ಎಂದು ಕೇಳಬಹುದು. ನಿಜವಾದ ಸ್ವಾರಸ್ಯ ಪದ ಮಣೆಯನ್ನು ಬಿಟ್ಟು ಹೊರಬಂದಾಗ ಶುರುವಾಗುತ್ತದೆ. ಅದು ಹೊರಬಂದದ್ದು ಎರಡು ಬಾಗಿಲುಗಳಿಂದ: ಒಂದು ಕೂಗು, ಇನ್ನೊಂದು ಮಣೆಯ ವಿನ್ಯಾಸ.

ಮೊದಲು ಕೂಗನ್ನು ನೋಡೋಣ. ‘ಚೆಕ್’ ಎಂದು ಎದುರಾಳಿ ಹೇಳಿದ ಕ್ಷಣ ನಿಮ್ಮ ಯೋಜನೆಗಳೆಲ್ಲ ನಿಲ್ಲುತ್ತವೆ. ಇನ್ನಾವ ನಡೆಯೂ ಸಾಧ್ಯವಿಲ್ಲ, ಮೊದಲು ರಾಜನನ್ನು ಕಾಪಾಡಬೇಕು. ಹೀಗೆ ‘ರಾಜ’ ಎಂಬ ಪದಕ್ಕೆ ‘ಹಠಾತ್ ತಡೆ’ ಎಂಬ ಅರ್ಥ ಅಂಟಿತು. ಹದಿನಾಲ್ಕನೆಯ ಶತಮಾನದ ಇಂಗ್ಲಿಷಿನಲ್ಲಿ ಚೆಸ್ಸಿಗೆ ಸಂಬಂಧವೇ ಇಲ್ಲದ ಕಡೆಯೂ ಈ ಅರ್ಥ ಸಿಗುತ್ತದೆ. ತಡೆಯುವುದರಿಂದ ಹತೋಟಿಯಲ್ಲಿಡುವುದು, ಹತೋಟಿಯಿಂದ ಸರಿಯಿದೆಯೇ ಎಂದು ತಾಳೆ ನೋಡುವುದು, ತಾಳೆ ನೋಡಿದ್ದಕ್ಕೆ ಗುರುತು ಹಾಕುವುದು, ಗುರುತಿಗಾಗಿ ಬಿಲ್ಲೆ ಕೊಡುವುದು. ಚೆಕ್‌ಪೋಸ್ಟು, ಮೆಡಿಕಲ್ ಚೆಕಪ್ಪು, ವಿಮಾನ ನಿಲ್ದಾಣದ ಚೆಕ್-ಇನ್ ಎಲ್ಲವೂ ಈ ಸರಪಳಿಯ ಕೊಂಡಿಗಳು. ಫ್ರೆಂಚರು ಅದೇ ಕೂಗನ್ನು ಸೋಲುವವನ ಕಡೆಯಿಂದ ಕೇಳಿಸಿಕೊಂಡರು. ಅವರಿಗೆ ಅದು ‘ವೈಫಲ್ಯ’ವಾಯಿತು. ಜರ್ಮನ್ನರು ಯಾರನ್ನಾದರೂ ಬಾಲ ಬಿಚ್ಚದಂತೆ ಇಟ್ಟರೆ ‘ಶಾಖ್‌ನಲ್ಲಿ ಹಿಡಿದಿದ್ದಾರೆ’ ಎನ್ನುತ್ತಾರೆ. ಗೆಲ್ಲುವವನ ಕಿವಿಗೆ ಹತೋಟಿ, ಸೋಲುವವನ ಕಿವಿಗೆ ವೈಫಲ್ಯ. ಯಾವ ಭಾಷೆ ಯಾವ ಕಡೆ ಕೂತಿತ್ತೆಂಬುದರ ಮೇಲೆ ಅರ್ಥ ಹೋಗಿದೆ.

ಎರಡನೆಯ ಬಾಗಿಲು ಇನ್ನೂ ವಿಚಿತ್ರ. ಚೆಸ್ ಮಣೆಗೆ ಮಧ್ಯಯುಗದ ಲ್ಯಾಟಿನ್ನಿನಲ್ಲಿ ‘ಸ್ಕಾಕಾರಿಯುಮ್’ ಎಂಬ ಹೆಸರಿತ್ತು, ಫ್ರೆಂಚಿನಲ್ಲಿ ‘ಎಸ್ಚೆಕ್ಕಿಯೆರ್’. ಇಂಗ್ಲೆಂಡಿನ ನಾರ್ಮನ್ ದೊರೆಗಳು ಲೆಕ್ಕ ನೋಡುವ ಕಚೇರಿಗೂ ಇದೇ ಹೆಸರು ಬಂತು. ಕಾರಣ ಅಲ್ಲಿದ್ದ ಮೇಜು. ಎರಡನೆಯ ಹೆನ್ರಿಯ ಖಜಾಂಚಿಯಾಗಿದ್ದ ರಿಚರ್ಡ್ ಫಿಟ್ಜ್‌ನೀಲ್ ಈ ಕಚೇರಿಯ ಬಗ್ಗೆ ಗುರು-ಶಿಷ್ಯರ ಸಂವಾದದ ರೂಪದಲ್ಲಿ ಪುಸ್ತಕವೊಂದನ್ನು ಬರೆದಿದ್ದಾನೆ. ದೊರೆಯ ಇಪ್ಪತ್ತಮೂರನೆಯ ಆಳ್ವಿಕೆಯ ವರ್ಷದಲ್ಲಿ, ಅಂದರೆ 1176-77ರಲ್ಲಿ, ಥೇಮ್ಸ್ ನದಿಯ ಪಕ್ಕದ ಗೋಪುರದ ಕಿಟಕಿಯ ಬಳಿ ತಾನು ಕೂತಿದ್ದಾಗ ಮಾತು ಶುರುವಾಯಿತು ಎಂದು ಅದು ಆರಂಭವಾಗುತ್ತದೆ. ಆಡಳಿತದ ಕೈಪಿಡಿಯೊಂದು ಇಷ್ಟು ಸೊಗಸಾಗಿ ಶುರುವಾಗುವುದು ಅಪರೂಪ.

ಮೇಜು ಸುಮಾರು ಹತ್ತು ಅಡಿ ಉದ್ದ, ಐದು ಅಡಿ ಅಗಲ. ಮೇಲಿಟ್ಟದ್ದು ಕೆಳಗೆ ಬೀಳದಂತೆ ಸುತ್ತಲೂ ನಾಲ್ಕು ಬೆರಳು ಎತ್ತರದ ಅಂಚು. ಪ್ರತಿ ಈಸ್ಟರ್ ಹಬ್ಬಕ್ಕೆ ಹೊಸದಾಗಿ ಕೊಂಡ ಕಪ್ಪು ಬಟ್ಟೆಯನ್ನು ಅದರ ಮೇಲೆ ಹಾಸುತ್ತಿದ್ದರು. ಬಟ್ಟೆಯ ಮೇಲೆ ಒಂದು ಅಡಿಗೋ ಒಂದು ಗೇಣಿಗೋ ಒಂದರಂತೆ ಗೆರೆಗಳು. ಗೆರೆಗಳ ನಡುವಿನ ಸಾಲುಗಳಲ್ಲಿ ಬಲದಿಂದ ಎಡಕ್ಕೆ ಪೆನ್ನಿ, ಶಿಲಿಂಗ್, ಪೌಂಡ್, ಇಪ್ಪತ್ತು ಪೌಂಡ್, ನೂರು, ಸಾವಿರ, ಹತ್ತು ಸಾವಿರ. ಜಿಲ್ಲೆಯಲ್ಲಿ ದೊರೆಯ ಪರವಾಗಿ ಹಣ ವಸೂಲಿ ಮಾಡುವ ಅಧಿಕಾರಿಯಾದ ಶೆರಿಫ್ 247 ಪೌಂಡು 13 ಶಿಲಿಂಗು 5 ಪೆನ್ನಿ ಕಟ್ಟಬೇಕಾಗಿದೆ ಎಂದುಕೊಳ್ಳಿ. ನೂರರ ಸಾಲಿನಲ್ಲಿ ಎರಡು ಬಿಲ್ಲೆ, ಇಪ್ಪತ್ತರ ಸಾಲಿನಲ್ಲಿ ಎರಡು, ಪೌಂಡಿನ ಸಾಲಿನಲ್ಲಿ ಏಳು, ಶಿಲಿಂಗಿನಲ್ಲಿ ಹದಿಮೂರು, ಪೆನ್ನಿಯಲ್ಲಿ ಐದು. ಅವನು ತಂದು ಕಟ್ಟಿದ್ದನ್ನು ಕೆಳಗೆ ಇನ್ನೊಂದು ಸಾಲಾಗಿ ಇಟ್ಟು, ಮೇಲಿನದರಿಂದ ಕಳೆದರೆ ಬಾಕಿ ಕಣ್ಣೆದುರಿಗೇ ಉಳಿಯುತ್ತದೆ. ಶೆರಿಫನಿಗೆ ಓದು ಬರಹ ಬಾರದಿದ್ದರೂ ಮೋಸ ಹೋಗುವಂತಿಲ್ಲ, ಮೋಸ ಮಾಡುವಂತೆಯೂ ಇಲ್ಲ. ರೋಮನ್ ಅಂಕಿಗಳಲ್ಲಿ ಸ್ಥಾನಬೆಲೆ ಇಲ್ಲ, ಸೊನ್ನೆಯೂ ಇಲ್ಲ, ಕೂಡಿ ಕಳೆಯುವುದು ಪ್ರಯಾಸ. ಆ ಕೊರತೆಯನ್ನು ಬಟ್ಟೆಯ ಗೆರೆಗಳು ತುಂಬುತ್ತಿದ್ದವು. ಖಾಲಿ ಬಿಟ್ಟ ಸಾಲೇ ಅವರ ಸೊನ್ನೆ.

ಈ ಕಚೇರಿಗೆ ಆಟದ ಮಣೆಯ ಹೆಸರೇಕೆ ಎಂದು ಶಿಷ್ಯ ಕೇಳುತ್ತಾನೆ. ನೋಡಲು ಹಾಗೆಯೇ ಇದೆಯಲ್ಲ ಎನ್ನುತ್ತಾನೆ ಗುರು. ಅಷ್ಟೇ ಅಲ್ಲ, ಅಲ್ಲಿ ಎರಡು ಸೈನ್ಯಗಳು ಹೋರಾಡುವಂತೆ ಇಲ್ಲಿ ಖಜಾಂಚಿಗೂ ಶೆರಿಫನಿಗೂ ಹೋರಾಟ, ಉಳಿದವರು ಕೂತು ತೀರ್ಪು ಕೊಡುತ್ತಾರೆ ಎಂದೂ ಸೇರಿಸುತ್ತಾನೆ. ಈ ಕಚೇರಿಯ ಲೆಕ್ಕದ ಸುರುಳಿಗಳಲ್ಲಿ ಉಳಿದಿರುವ ಅತ್ಯಂತ ಹಳೆಯದು 1129-30ರದ್ದು. ಕಲ್ಯಾಣದಲ್ಲಿ ಸೋಮೇಶ್ವರ ಚತುರಂಗದ ಬಗ್ಗೆ ಬರೆಯುತ್ತಿದ್ದ ಹೊತ್ತಿಗೆ, ಆ ಆಟದ ಮಣೆಯ ಹೆಸರು ಹೊತ್ತ ಕಚೇರಿ ಇಂಗ್ಲೆಂಡಿನಲ್ಲಿ ತೆರಿಗೆ ಲೆಕ್ಕ ಹಾಕುತ್ತಿತ್ತು. ಇಬ್ಬರಿಗೂ ಪರಸ್ಪರರ ಸುದ್ದಿಯೇ ಇರಲಿಲ್ಲ, ಇದು ಬರೀ ಕಾಕತಾಳೀಯ. ಬ್ರಿಟನ್ನಿನ ಹಣಕಾಸು ಸಚಿವರ ಪದವಿಗೆ ಇವತ್ತಿಗೂ ‘ಚಾನ್ಸೆಲರ್ ಆಫ್ ದಿ ಎಕ್ಸ್‌ಚೆಕರ್’ ಎಂದೇ ಹೆಸರು.

ಹಣ ಕಟ್ಟಿದ್ದಕ್ಕೆ ಆ ಕಚೇರಿ ಕಾಗದದ ರಸೀದಿ ಕೊಡುತ್ತಿರಲಿಲ್ಲ. ಕಡ್ಡಿಯೊಂದರ ಮೇಲೆ ಮೊತ್ತಕ್ಕೆ ತಕ್ಕಂತೆ ಕಚ್ಚು ಹಾಕಿ ಅದನ್ನು ಉದ್ದಕ್ಕೆ ಸೀಳುತ್ತಿದ್ದರು. ಒಂದು ಸೀಳು ಕಟ್ಟಿದವನಿಗೆ, ಇನ್ನೊಂದು ಕಚೇರಿಗೆ. ಎರಡನ್ನೂ ಜೋಡಿಸಿದರೆ ಕಚ್ಚುಗಳು ತಾಳೆಯಾಗಬೇಕು. ಸೀಳಿದ ಮರದ ಎಳೆಗಳನ್ನು ಯಾರೂ ನಕಲು ಮಾಡಲಾರರು. 1826ರವರೆಗೂ ಈ ಪದ್ಧತಿ ನಡೆದುಕೊಂಡು ಬಂತು. ರಾಶಿ ಬಿದ್ದಿದ್ದ ಹಳೆಯ ಕಡ್ಡಿಗಳನ್ನು 1834ರ ಅಕ್ಟೋಬರ್ 16ರಂದು ಲಾರ್ಡ್ಸ್ ಸಭೆಯ ಕೆಳಗಿನ ಒಲೆಗಳಲ್ಲಿ ಉರಿಸಲು ಹೋಗಿ ಸಂಸತ್ ಭವನವನ್ನೇ ಸುಟ್ಟುಕೊಂಡರು.

ಬ್ಯಾಂಕಿನ ಚೆಕ್ ಅರ್ಥವಾಗುವುದು ಈ ಸೀಳಿದ ಕಡ್ಡಿಯ ಹಿನ್ನೆಲೆಯಲ್ಲಿ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ‘ಚೆಕ್’ ಎಂದರೆ ಹಣದ ಚೀಟಿಯಲ್ಲ. ಚೀಟಿ ಹರಿದುಕೊಟ್ಟ ಮೇಲೆ ಪುಸ್ತಕದಲ್ಲೇ ಉಳಿಯುವ ತುಂಡು, ನಾವು ಕೌಂಟರ್‌ಫಾಯಿಲ್ ಎನ್ನುವುದು. ಚೀಟಿ ವಾಪಸು ಬಂದಾಗ ಅದರೊಂದಿಗೆ ತಾಳೆ ನೋಡಿ ಖೋಟಾ ಹೌದೋ ಅಲ್ಲವೋ ಹೇಳಬಹುದಿತ್ತು. ತಾಳೆ ನೋಡುವ ತುಂಡಾದ್ದರಿಂದ ಅದು ಚೆಕ್. ಕ್ರಮೇಣ ಹೆಸರು ಉಳಿದ ತುಂಡಿನಿಂದ ಹೋದ ತುಂಡಿಗೆ ಜಿಗಿಯಿತು. ಎಕ್ಸ್‌ಚೆಕರ್ ಪದದ ಕಾಗುಣಿತವನ್ನು ನೋಡಿ ಬ್ರಿಟಿಷರು ಇದಕ್ಕೂ ‘ಕ್ಯೂ’ ಅಕ್ಷರ ಸೇರಿಸಿದರು. ಭಾರತದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿರುವುದು ಆ ಬ್ರಿಟಿಷ್ ಕಾಗುಣಿತವೇ. ಅಮೆರಿಕನ್ನರು ಬರೆಯುವುದು ಹಳೆಯ, ಸರಳ ರೂಪವನ್ನು. ಅವರದು ತಪ್ಪು ಕಾಗುಣಿತ ಎಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು.

ಇಲ್ಲಿ ಒಂದು ಎದುರುವಾದವಿದೆ. ಅರಬ್ಬಿಯಲ್ಲಿ ‘ಸಕ್ಕ್’ ಎಂಬ ಪದವಿದೆ. ಹಣದ ಪತ್ರ, ಕರಾರು ಎಂದರ್ಥ. ಮಧ್ಯಯುಗದ ವರ್ತಕರು ಅದನ್ನು ಬಳಸುತ್ತಿದ್ದರು. ಚೆಕ್ ಬಂದದ್ದು ಅಲ್ಲಿಂದಲೇ ಎಂದು ಹಲವು ಬರಹಗಳು ಖಚಿತವಾಗಿ ಹೇಳುತ್ತವೆ. ಧ್ವನಿಯೂ ಹತ್ತಿರ, ಅರ್ಥವೂ ಹತ್ತಿರ, ಇನ್ನೇನು ಬೇಕು ಎನ್ನಿಸುತ್ತದೆ. ಬೇಕಾಗಿರುವುದು ದಾಖಲೆ. ‘ಸಕ್ಕ್’ ನೇರವಾಗಿ ಬಂದಿದ್ದರೆ ಇಂಗ್ಲಿಷಿನಲ್ಲಿ ಪದ ಮೊದಲಿನಿಂದಲೂ ಹಣದ ಪತ್ರಕ್ಕೇ ಅಂಟಿಕೊಂಡಿರಬೇಕಿತ್ತು. ಪುಸ್ತಕದಲ್ಲಿ ಉಳಿಯುವ ತುಂಡಿಗೆ ಆ ಹೆಸರು ಮೊದಲು ಬಂದದ್ದೇಕೆ ಎಂಬುದಕ್ಕೆ ಆ ವಾದದಲ್ಲಿ ಉತ್ತರವಿಲ್ಲ. ಸದ್ದು ಹೊಂದಿದ ಮಾತ್ರಕ್ಕೆ ಸಂಬಂಧ ಕಟ್ಟಿದರೆ ನಮ್ಮ ‘ಚೊಕ್ಕ’ವನ್ನೂ ಈ ವಂಶಾವಳಿಗೆ ಸೇರಿಸಬಹುದು.

ಇಂಗ್ಲಿಷಿನ ಚೆಕ್ ಯುರೋಪಿಗೆ ಮರಳಿ ಹೋದದ್ದು ಆಮೇಲಿನ ಮಾತು. ಫ್ರೆಂಚರು ತಮ್ಮದೇ ಪದವನ್ನು ಇಂಗ್ಲಿಷಿನಿಂದ ‘ಶೆಕ್’ ಎಂದು ಸಾಲ ಪಡೆದರು. ಹಾಗಾಗಿ ಅವರಲ್ಲಿ ವೈಫಲ್ಯ ‘ಎಶೆಕ್’, ಹಣದ ಚೀಟಿ ‘ಶೆಕ್’, ಇರಾನಿನ ಮಾಜಿ ದೊರೆ ‘ಶಾ’. ಮೂರೂ ಒಂದೇ ಎಂದು ಯಾರಿಗೂ ಹೊಳೆಯುವುದಿಲ್ಲ. ವಿನ್ಯಾಸದ ಕಡೆಯಿಂದಲೂ ಕುಟುಂಬ ಬೆಳೆದಿದೆ. ಕ್ರೊಯೇಷಿಯಾದ ಫುಟ್ಬಾಲ್ ಆಟಗಾರರು ತೊಡುವ ಕೆಂಪು ಬಿಳಿ ಚೌಕಗಳ ಲಾಂಛನಕ್ಕೆ ‘ಶಾಹೊವ್ನಿತ್ಸ’ ಎಂದು ಹೆಸರು, ಅಂದರೆ ಚೆಸ್ ಮಣೆ. ಪೋರ್ಚುಗೀಸರ ‘ಶದ್ರೇಶ್’ಗೂ ಚೌಕಳಿ ಬಟ್ಟೆ ಎಂಬ ಅರ್ಥ ಬಂದಿದೆ, ಆಡುಮಾತಿನಲ್ಲಿ ಜೈಲು ಎಂದೂ ಆಗುತ್ತದೆ. ನಮ್ಮ ‘ಚೌಕಳಿ’ ಮಾತ್ರ ಈ ಬಳಗಕ್ಕೆ ಸೇರಿದ್ದಲ್ಲ. ಅದು ‘ಚತುಷ್ಕ’ದಿಂದ ಬಂದದ್ದು, ಅಲ್ಲಿರುವ ನಾಲ್ಕು ಎಂಬ ಅಂಶ ಚತುರಂಗದಲ್ಲೂ ಇದೆ.

ಕನ್ನಡಕ್ಕೆ ‘ಶಾಹ್’ ಎರಡು ಸಲ ಬಂದಿದೆ. ಒಮ್ಮೆ ಬಹಮನಿ, ಆದಿಲಶಾಹಿಗಳ ಕಾಲದ ದಖ್ಖನಿನ ಮೂಲಕ, ನೆಲದ ದಾರಿಯಲ್ಲಿ. ಕಲಬುರಗಿ ಜಿಲ್ಲೆಯ ಶಹಾಬಾದ್ ಊರಿನ ಹೆಸರಿನಲ್ಲಿ, ಅಲ್ಲಿಂದ ಬಂದು ಮನೆಮನೆಯ ನೆಲಕ್ಕೆ ಹಾಸಿಕೊಂಡ ಕಲ್ಲಿನ ಹೆಸರಿನಲ್ಲಿ ಅದಿದೆ. ಹಿಂದಿ, ಮರಾಠಿಗಳಲ್ಲಿ ಇರುವಂತೆ ಇಲ್ಲೂ ಅದು ಪ್ರತ್ಯಯವೇ ಆಗಿದೆ: ನೌಕರಶಾಹಿ, ಪುರೋಹಿತಶಾಹಿ, ಬಂಡವಾಳಶಾಹಿ. ಇನ್ನೊಮ್ಮೆ ಇರಾನ್, ಅರೇಬಿಯಾ, ರೋಮ್, ಪ್ಯಾರಿಸ್, ಲಂಡನ್ ಸುತ್ತಿ, ಇಂಗ್ಲಿಷರ ಹಡಗು ಹತ್ತಿ, ‘ಚೆಕ್’ ಆಗಿ. ‘ಅಧಿಕಾರಶಾಹಿಗೆ ಚೆಕ್ ಇಟ್ಟ ಹೈಕೋರ್ಟ್’ ಎಂಬಂಥ ತಲೆಬರಹವನ್ನು ನಾವು ದಿನಪತ್ರಿಕೆಯಲ್ಲಿ ಓದಿ ಪುಟ ತಿರುವುತ್ತೇವೆ. ನಾಲ್ಕೇ ಪದಗಳ ಆ ಸಾಲಿನಲ್ಲಿ ದಾರಯವಹುವಿನ ಬಿರುದು ಎರಡು ಸಲ ಇದೆ.